ಕೇಳಿಸುವ ಮನೆಯ ಎರಡು ಬಾಗಿಲು

ನಮ್ಮ ಮನೆತನ ಒಂಬತ್ತು ತಲೆಮಾರುಗಳಿಂದ ಈ ಊರಿನ ಹಳೆ ಬೀದಿಯಲ್ಲಿದೆ. ಊರಿನ ಮೊದಲ ಬಾವಿಗೆ ಮೊದಲ ಹಗ್ಗ ಇಳಿಬಿಟ್ಟವರು ನಮ್ಮ ಹಿರಿಯರು. ನನ್ನ ಅಜ್ಜಿ ಬೀದಿಗೆ ಇಳಿದರೆ ಎದುರಿನಿಂದ ಬರುತ್ತಿದ್ದವರು ಚಪ್ಪಲಿ ಕಳಚಿ ಪಕ್ಕಕ್ಕೆ ನಿಲ್ಲುತ್ತಿದ್ದರು. ನನ್ನ ತಾಯಿ ಕೊಟ್ಟ ಮಾತಿಗೆ ಸಾಕ್ಷಿ ಬೇಕೆಂದು ಯಾರೂ ಕೇಳಿದವರಿಲ್ಲ. ನಾನು ಬಿಳಿಯುಡುಪಿನ ಸಿಸ್ಟರುಗಳ ಶಾಲೆಯಲ್ಲಿ ಹನ್ನೊಂದು ವರ್ಷ ಓದಿದವಳು. ಬೆನ್ನು ನೇರವಾಗಿಟ್ಟು ಕೂರುವುದನ್ನು, ಸಾಲು ಬಾಗದಂತೆ ಬರೆಯುವುದನ್ನು, ಕೇಳಿದ್ದಕ್ಕೆ ಪೂರ್ಣ ವಾಕ್ಯದಲ್ಲಿ ಉತ್ತರಿಸುವುದನ್ನು ಅಲ್ಲಿ ಕಲಿಸಿದರು. ಇದನ್ನೆಲ್ಲ ಜಂಬಕ್ಕೆ ಹೇಳುತ್ತಿಲ್ಲ. ಹೇಳುತ್ತಿರುವವಳು ಯಾರು ಎಂಬುದು ಓದುವವರಿಗೆ ಮೊದಲೇ ತಿಳಿದಿರಬೇಕು.

ನಮ್ಮ ಊರಿಗೆ ಯಜಮಾನರಿಲ್ಲ. ಊರಿನ ಮನೆಗಳಿಗೂ ಇಲ್ಲ. ಬಾಗಿಲುಗಳಿಗೆ ಕಾವಲಿಲ್ಲ, ಬೀಗವಿಲ್ಲ, ಚಿಲಕವಿಲ್ಲ. ಪ್ರತಿಯೊಬ್ಬರ ಕೊರಳಲ್ಲಿ ಒಂದು ಭರಣಿ ತೂಗುತ್ತದೆ, ಕುಂಕುಮದ ಭರಣಿಯಷ್ಟೇ ಚಿಕ್ಕದು. ಅದನ್ನು ಬಾಗಿಲಿಗೆ ಒಡ್ಡಿದರೆ ಬಾಗಿಲು ಕೇಳುತ್ತದೆ: ಒಪ್ಪಿಗೆಯೇ? ಮುಚ್ಚಳದ ಮೇಲೆ ಹೆಬ್ಬೆರಳು ಒತ್ತಿದರೆ ಒಪ್ಪಿಗೆ. ಭರಣಿ ಮತ್ತು ಬಾಗಿಲು ಒಂದನ್ನೊಂದು ಗುರುತಿಸಿದರೆ ಬಾಗಿಲು ತೆರೆಯುತ್ತದೆ. ಗುರುತಿಸದಿದ್ದರೆ ಅದು ಮರದ ಹಲಗೆ, ನೀವು ಅದರ ಮುಂದೆ ನಿಂತ ಮನುಷ್ಯರು.

ಊರಿನ ನಿಯಮ ಒಂದೇ. ಸಾಯುವವರು ಕೊನೆಯ ಮಾತನ್ನು ಗಾಳಿಗೆ ಬಿಡುವುದಿಲ್ಲ. ತಮಗೆ ಬೇಕಾದವರ ಭರಣಿಯ ಕಡೆ ಮುಖ ತಿರುಗಿಸಿ ಅದರೊಳಗೆ ಉಸಿರುತ್ತಾರೆ. ಆ ಗಳಿಗೆಯಲ್ಲಿ ಮಾತು ಯಾರಿಗೂ ಕೇಳಿಸುವುದಿಲ್ಲ, ಭರಣಿ ಹಿಡಿದವರಿಗೂ ಕೇಳಿಸುವುದಿಲ್ಲ. ಕೇಳಬೇಕಾದರೆ ಭರಣಿಯೊಂದಿಗೆ ಕೇಳಿಸುವ ಮನೆಗೆ ಹೋಗಬೇಕು. ಮನೆ ಒಂದೇ, ಬಾಗಿಲು ಎರಡು. ಒಂದು ಹಳೆ ಬೀದಿಗೆ ಮುಖ ಮಾಡಿದೆ, ಇನ್ನೊಂದು ಕೆಳಬೀದಿಗೆ. ಎರಡಕ್ಕೂ ಒಂದೇ ಮರ, ಒಂದೇ ಕೆತ್ತನೆ, ಎಡಮೂಲೆಯಲ್ಲಿ ಒಂದೇ ಸೀಳು. ಯಾವ ಬೀದಿಯಲ್ಲಿ ಉಸಿರು ಬಿದ್ದಿತೋ ಆ ಬೀದಿಯ ಬಾಗಿಲಲ್ಲೇ ಮಾತು ಕೇಳಿಸುತ್ತದೆ. ಅದಕ್ಕಾಗಿ ಭರಣಿಯ ಕತ್ತಿಗೆ ಒಂದು ಉಂಗುರವಿದೆ. ಅದನ್ನು ಆ ಬೀದಿಯ ಗುರುತಿಗೆ ತಿರುಗಿಸಬೇಕು.

ಪ್ರತಿಯೊಂದು ಭರಣಿಗೂ ಹನ್ನೆರಡು ಪದಗಳಿವೆ. ಹೆಸರಿಡುವ ದಿನ ತಾಯಿ ಅವನ್ನು ಮಗುವಿನ ಕಿವಿಯಲ್ಲಿ ಹೇಳುತ್ತಾಳೆ. ಭರಣಿ ಕಳೆದುಹೋದರೂ ಒಡೆದುಹೋದರೂ ಆ ಪದಗಳನ್ನು ಕ್ರಮವಾಗಿ ಹೇಳಿದರೆ ಒಳಗಿದ್ದುದೆಲ್ಲ ಹೊಸ ಭರಣಿಗೆ ಬರುತ್ತದೆ. ಹೇಳುವವರು ಯಾರು ಎಂದು ಪದಗಳು ನೋಡುವುದಿಲ್ಲ. ಆದ್ದರಿಂದ ಅವನ್ನು ಗಂಡನಿಗೂ ಹೇಳಬಾರದು, ದೇವರ ಮುಂದೆಯೂ ಗಟ್ಟಿಯಾಗಿ ಹೇಳಬಾರದು.

ಇನ್ನು ಊರ ಗೋಡೆ. ಯಾವ ಮಾತು ಯಾವ ಭರಣಿಯಿಂದ ಯಾವ ಭರಣಿಗೆ ಹೋಯಿತು ಎಂಬುದು ಆ ಗೋಡೆಯ ಮೇಲೆ ತಾನಾಗಿ ಮೂಡುತ್ತದೆ. ಸುಣ್ಣ ಬಳಿದರೆ ಸುಣ್ಣದ ಮೇಲೆ ಮೂಡುತ್ತದೆ. ಒಮ್ಮೆ ಮೂಡಿದ್ದು ಅಳಿಯುವುದಿಲ್ಲ.

ನನಗೆ ಒಬ್ಬಳೇ ಮಗಳು. ಕೆಳಬೀದಿಯಲ್ಲಿ ಕೊಡೆ ರಿಪೇರಿ ಮಾಡುವವನನ್ನು ಮದುವೆಯಾದಳು. ನಾನು ಬೇಡವೆಂದೆ. ಅವಳು ಹೋದಳು. ಏಳು ವರ್ಷ ನಾನು ಕೆಳಬೀದಿಗೆ ಕಾಲಿಡಲಿಲ್ಲ, ಅವಳು ಹಳೆ ಬೀದಿಗೆ ಕಾಲಿಡಲಿಲ್ಲ. ಎರಡು ಬೀದಿಗಳ ನಡುವೆ ಇರುವುದು ಹದಿನೆಂಟು ಮೆಟ್ಟಿಲು.

ಎಂಟನೆಯ ವರ್ಷ ಅಳಿಯ ನಮ್ಮ ಹೊಸ್ತಿಲಿನ ಹೊರಗೆ ಬಂದು ನಿಂತ. ಒಳಗೆ ಬಾ ಎಂದು ನಾನು ಹೇಳಲಿಲ್ಲ.

"ಅತ್ತೆ, ಅವಳು ಇವತ್ತು ದಾಟಲ್ಲ. ಭರಣಿ ತಗೊಂಡು ಬನ್ನಿ," ಎಂದ.

ಬೀದಿಯಲ್ಲಿ ಜನರಿಲ್ಲದ ಮಧ್ಯಾಹ್ನ ನೋಡಿಕೊಂಡು, ಹಿತ್ತಲ ಹಾದಿಯಿಂದ, ಸೆರಗನ್ನು ತಲೆಯ ಮೇಲೆ ಹೊದ್ದು, ನಾನು ಹೋದೆ. ಸುತ್ತ ನೂರಾರು ಹರಿದ ಕೊಡೆಗಳು ತೂಗುತ್ತಿದ್ದ ಕೋಣೆಯಲ್ಲಿ ಅವಳು ಮಲಗಿದ್ದಳು. ಒಂದು ಪಕ್ಕದಲ್ಲಿ ಅಳಿಯ ತನ್ನ ತವರದ ಭರಣಿಯನ್ನು ಹಿಡಿದು ಮಂಡಿಯೂರಿದ. ಇನ್ನೊಂದು ಪಕ್ಕದಲ್ಲಿ ನಾನು ನಮ್ಮ ಮನೆತನದ ಬೆಳ್ಳಿಯ ಭರಣಿಯನ್ನು ಹಿಡಿದು ನಿಂತೆ. ಮಂಡಿಯೂರಲಿಲ್ಲ. ಅವಳು ಅವನನ್ನು ನೋಡಿದಳು. ನಂತರ ನನ್ನ ಕಡೆ ಮುಖ ತಿರುಗಿಸಿದಳು. ಭರಣಿಯ ಬಾಯಿಗೆ ತುಟಿ ತಂದಳು. ತುಟಿ ಐದು ಸಲ ಅಲುಗಿತು. ಭರಣಿ ಬಿಚ್ಚದ ಮೊಗ್ಗಿನಷ್ಟು ಭಾರವಾಯಿತು. ಅಷ್ಟೇ.

ಅವಳು ನನ್ನನ್ನು ಕರೆದಳೋ, ಬೈದಳೋ, ನೀರು ಕೇಳಿದಳೋ ನನಗೆ ಗೊತ್ತಿಲ್ಲ. ಅದನ್ನು ತಿಳಿಯುವುದೊಂದೇ ನನಗೆ ಉಳಿದ ಕೆಲಸವಾಯಿತು.

ಸೂತಕ ಕಳೆದ ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟು, ಕೇಳಿಸುವ ಮನೆಗೆ ಹೋದೆ. ಹಳೆ ಬೀದಿಯ ಬಾಗಿಲಿಗೇ ಹೋದೆ. ನಮ್ಮ ಮನೆತನದವರು ಕೇಳಿದ್ದೆಲ್ಲ ಆ ಬಾಗಿಲಲ್ಲಿ. ಭರಣಿ ಒಡ್ಡಿದೆ. ಹೆಬ್ಬೆರಳು ಒತ್ತಿದೆ. ಬಾಗಿಲು ಏನನ್ನೂ ಕೇಳಲಿಲ್ಲ. ಮತ್ತೆ ಒಡ್ಡಿದೆ, ಮತ್ತೆ ಒತ್ತಿದೆ. ಅದು ಮರದ ಹಲಗೆಯಾಗಿಯೇ ಇತ್ತು.

ಬಾಗಿಲಿನಿಂದ ತುಸು ದೂರದ ಕಟ್ಟೆಯ ಮೇಲೆ ಬಾಗಿಲು ನೋಡುವವಳು ಕೂರುತ್ತಾಳೆ. ದಪ್ಪ ಕನ್ನಡಕ, ಬಾಯಲ್ಲಿ ಎಲೆ ಅಡಿಕೆ, ಮಡಿಲಲ್ಲಿ ಒಂದು ಹತ್ತಿ ಬಟ್ಟೆ. ತೆರೆಯದ ಬಾಗಿಲು ಯಾಕೆ ತೆರೆಯುತ್ತಿಲ್ಲ ಎಂದು ಹೇಳುವುದು ಅವಳ ಕೆಲಸ. ಅಂದು ಅವಳ ಮುಂದೆ ಬಳೆಗಾರ ಕೂತಿದ್ದ.

"ಏನ್ರೀ ಬಳೆಯವ್ರೇ, ಎಷ್ಟು ಬಾಗಿಲಿಗೆ ಹೂಂ ಅಂದಿದ್ದೀರಿ?"

"ಒಂದೆರಡಕ್ಕೆ ಅಂದಿರಬಹುದು ಕಣಕ್ಕ."

"ಒಂದೆರಡಾ? ಭರಣಿ ಮುಚ್ಚಳ ತೆಗೆದ್ರೆ ಸಂತೆ ಕಾಣಿಸ್ತಿದೆ! ನಲವತ್ತು ಬಾಗಿಲು ಇದರ ಕತ್ತು ಹಿಡ್ಕೊಂಡು ನಿಂತಿವೆ. ಇದು ಪಾಪ ಯಾರಿಗೆ ಅಂತ ಉತ್ತರ ಕೊಡುತ್ತೆ? ಹೋಗಿ, ಒಂದೊಂದಕ್ಕೂ ಒಲ್ಲೆ ಅಂದು ಬನ್ನಿ."

"ನಲವತ್ತಕ್ಕೂ? ಅಲ್ಲೀವರೆಗೂ ಬಳೆ ಯಾರು ಮಾರ್ತಾರೆ?"

"ಹೂಂ ಅನ್ನೋವಾಗ ಬಳೆ ಯಾರು ಮಾರ್ತಿದ್ರು?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಬಳೆಗಾರನೂ ನಗುತ್ತಲೇ ಎದ್ದು ಹೋದ. ನಾನು ನಗಲಿಲ್ಲ. ನನ್ನ ಸರದಿ ಬಂತು.

"ಬನ್ನಿ ಅಮ್ಮಾವ್ರೇ, ಕೂತ್ಕೊಳ್ಳಿ."

"ನಿಂತೇ ಹೇಳುತ್ತೇನೆ. ಬಾಗಿಲು ಕೆಟ್ಟಿದೆ."

"ಕೆಟ್ಟಿರಬಹುದು. ನೋಡೋಣ." ಅವಳು ಹತ್ತಿ ಬಟ್ಟೆಯಿಂದ ಭರಣಿಯ ಮುಚ್ಚಳ ಒರೆಸಿದಳು. "ಹೊಸ್ತಿಲು ಬಿಟ್ಟು ಏಳು ಹೆಜ್ಜೆ ಹಿಂದಕ್ಕೆ ಹೋಗಿ, ಮತ್ತೆ ಹೊಸಬರ ಹಾಗೆ ಬನ್ನಿ."

ಹೋದೆ, ಬಂದೆ. ತೆರೆಯಲಿಲ್ಲ.

"ಹಳೇ ಹೂಂ ಏನಾದ್ರೂ ಉಳಿದಿದೆಯಾ?"

"ನಮ್ಮ ಮನೆಯವರು ಕಂಡಕಂಡ ಬಾಗಿಲಿಗೆ ಹೂಂ ಅನ್ನುವವರಲ್ಲ."

"ಸರಿ. ಭರಣಿನ ಒಂದು ಗಳಿಗೆ ಬಿಸಿಲಲ್ಲಿಡಿ. ಮುಚ್ಚಿ, ತೆಗೆದು, ಮತ್ತೆ ಒಡ್ಡಿ."

ಇಟ್ಟೆ, ಮುಚ್ಚಿದೆ, ತೆಗೆದೆ, ಒಡ್ಡಿದೆ. ತೆರೆಯಲಿಲ್ಲ. ಅವಳು ಕನ್ನಡಕವನ್ನು ಹಣೆಗೇರಿಸಿ ಉಂಗುರವನ್ನು ಹತ್ತಿರದಿಂದ ನೋಡಿದಳು.

"ಅಮ್ಮಾವ್ರೇ, ಭರಣಿದು ತಪ್ಪಿಲ್ಲ. ಬಾಗಿಲದೂ ತಪ್ಪಿಲ್ಲ. ಒಬ್ಬರು ಒಂದು ಬೀದೀಲಿ, ಇನ್ನೊಬ್ಬರು ಇನ್ನೊಂದು ಬೀದೀಲಿ ನಿಂತು ಕೂಗ್ತಿದ್ದಾರೆ ಅನ್ಸುತ್ತೆ. ಮಗಳು ಉಸಿರು ಕೊಟ್ಟಿದ್ದು ಎಲ್ಲಿ?"

ನನ್ನ ಹಿಂದೆ ಹನ್ನೊಂದು ಜನ ನಿಂತಿದ್ದರು. ಎಲ್ಲರೂ ಹಳೆ ಬೀದಿಯವರು. ಎಲ್ಲರೂ ಕಿವಿ ಕೊಟ್ಟಿದ್ದರು.

"ನಮ್ಮ ಮನೆಯಲ್ಲಿ," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಇನ್ನೊಂದು ಸಲ ಕೇಳ್ತೀನಿ, ಬೇಜಾರಾಗಬೇಡಿ. ಬೇಕಿದ್ರೆ ನನ್ನ ಕಿವೀಲಿ ಹೇಳಿ. ಎಲ್ಲಿ?"

"ಒಂದು ಪ್ರಶ್ನೆಗೆ ಎರಡು ಉತ್ತರ ಕೊಡುವ ಅಭ್ಯಾಸ ನನಗಿಲ್ಲ."

"ಹಾಗಾದ್ರೆ ನನಗೆ ಗೊತ್ತಾಗಲ್ಲ. ನೀವು ಹೇಳಿದ್ದರ ಮೇಲೆ ತಾನೇ ನಾನು ನೋಡೋದು?" ಭರಣಿಯನ್ನು ಎರಡೂ ಕೈಯಿಂದ ಹಿಂದಿರುಗಿಸಿದಳು. "ಅವಸರ ಇಲ್ಲ. ಒಳಗಿರೋದು ಎಲ್ಲೂ ಹೋಗಲ್ಲ, ಹತ್ತು ವರ್ಷ ಆದ್ರೂ ಇರುತ್ತೆ. ಯಾರಾದ್ರೂ ಬಂದು ಹನ್ನೆರಡು ಪದ ಕೇಳಿದ್ರೆ ಮಾತ್ರ ಕೊಡಬೇಡಿ. ನಾನೇ ಬಂದು ಕೇಳಿದ್ರೂ ಕೊಡಬೇಡಿ."

"ನನಗೆ ಪಾಠ ಹೇಳುವವಳಾದೆಯಾ ನೀನು?" ಎಂದೆ. ಅವಳನ್ನು ನೀನು ಎಂದೆ, ಎಲ್ಲರ ಮುಂದೆ.

ಆಮೇಲೆ ಮೂವತ್ತು ಬೆಳಿಗ್ಗೆ ನಾನು ಆ ಬಾಗಿಲಿಗೆ ಹೋದೆ. ಮೂವತ್ತು ಬೆಳಿಗ್ಗೆ ಒಡ್ಡಿದೆ, ಒತ್ತಿದೆ, ಹಿಂದಿರುಗಿದೆ. ಬಾಗಿಲು ನೋಡುವವಳು ಪ್ರತಿದಿನ ಕಟ್ಟೆಯಿಂದ ಅರ್ಧ ಏಳುತ್ತಿದ್ದಳು. ನಾನು ಅವಳ ಕಡೆ ನೋಡುತ್ತಿರಲಿಲ್ಲ. ಉಂಗುರವನ್ನು ಕೆಳಬೀದಿಗೆ ತಿರುಗಿಸುವುದು ನನ್ನ ಕೈಯಲ್ಲೇ ಇತ್ತು. ಹದಿನೆಂಟು ಮೆಟ್ಟಿಲು ಇಳಿಯುವುದು ನನ್ನ ಕಾಲಲ್ಲೇ ಇತ್ತು. ಹಗಲು ಬೆಳಕಿನಲ್ಲಿ ಆ ಬಾಗಿಲ ಮುಂದೆ ನಿಂತರೆ, ನನ್ನ ಮಗಳು ಅಲ್ಲಿಯವಳಾಗಿದ್ದಳು ಎಂದು ನಾನು ಒಪ್ಪಿದಂತೆ. ಏಳು ವರ್ಷ ಒಪ್ಪದವಳು ಅವಳು ಸತ್ತ ಮೇಲೆ ಒಪ್ಪಿದರೆ, ಆ ಏಳು ವರ್ಷ ಯಾತಕ್ಕಾಗಿ? ಈ ಪ್ರಶ್ನೆಗೆ ನನ್ನಲ್ಲಿ ಪೂರ್ಣ ವಾಕ್ಯ ಇರಲಿಲ್ಲ. ಆದ್ದರಿಂದ ಹಳೆ ಬೀದಿಯಲ್ಲೇ ನಿಂತೆ.

ಮೂವತ್ತೊಂದನೆಯ ಬೆಳಿಗ್ಗೆ ಬಾಗಿಲ ಹತ್ತಿರ ಸಭ್ಯನೊಬ್ಬ ನಿಂತಿದ್ದ. ಗಂಜಿ ಹಾಕಿದ ಬಿಳಿ ಕೋಟು, ಬಾಚಿದ ತಲೆ. ನಾನು ಬರುವುದನ್ನು ಕಂಡು ಕೈ ಜೋಡಿಸಿ ಪಕ್ಕಕ್ಕೆ ಸರಿದ, ನನ್ನ ಅಜ್ಜಿಗೆ ಜನ ಸರಿಯುತ್ತಿದ್ದ ಹಾಗೆ.

"ತಾವು ಹಳೆ ಬೀದಿಯ ದೊಡ್ಡ ಮನೆಯವರಲ್ಲವೇ? ತಮ್ಮಂಥವರನ್ನು ಇಷ್ಟು ದಿನ ಹೊರಗೆ ನಿಲ್ಲಿಸಿದ್ದಕ್ಕೆ ನಮಗೇ ನಾಚಿಕೆಯಾಗುತ್ತದೆ."

"ನಮಗೆ ಎಂದರೆ?"

"ನಾನು ಈ ಮನೆಯ ಸೇವಕ. ಬಾಗಿಲು ಕೆಟ್ಟಿದೆ ಮೇಡಂ. ತಮ್ಮ ತಪ್ಪೇನೂ ಇಲ್ಲ."

ಯಜಮಾನರಿಲ್ಲದ ಮನೆಗೆ ಸೇವಕ ಎಲ್ಲಿಂದ ಬಂದ? ಈ ಊರಿನ ನಾಲ್ಕು ವರ್ಷದ ಮಗುವೂ ಅದನ್ನು ಕೇಳುತ್ತಿತ್ತು. ನಾನು ಕೇಳಲಿಲ್ಲ. ತಮ್ಮ ತಪ್ಪೇನೂ ಇಲ್ಲ ಎಂಬ ಮಾತಿಗಾಗಿ ನಾನು ಮೂವತ್ತು ದಿನದಿಂದ ಕಾಯುತ್ತಿದ್ದೆ. ಬಹುಶಃ ಏಳು ವರ್ಷದಿಂದ.

"ಬೇರೆ ಬೀದಿಗೆ ಹೋಗಬೇಕೇ?" ಎಂದು ಕೇಳಿದೆ.

"ಛೆ, ತಾವೇಕೆ ಹೋಗಬೇಕು? ಇಲ್ಲೇ ತೆರೆಸುತ್ತೇನೆ. ಬಾಗಿಲಿಗೆ ತಮ್ಮ ಗುರುತು ಮರೆತಿದೆ ಅಷ್ಟೇ. ಹನ್ನೆರಡು ಪದ ಬರೆದುಕೊಟ್ಟರೆ ನೆನಪಿಸುತ್ತೇನೆ. ನಾನು ಓದುವುದಿಲ್ಲ. ಮಡಿಚಿ ಬಾಗಿಲ ಕೆಳಗೆ ತಳ್ಳುತ್ತೇನೆ."

ಅವನು ಕಾಗದ ಕೊಟ್ಟ, ಲೇಖನಿ ಕೊಟ್ಟ, ಬರೆಯಲು ತನ್ನ ಬೆನ್ನನ್ನೇ ಬಾಗಿಸಿ ಕೊಟ್ಟ. ದೂರದ ಕಟ್ಟೆಯಿಂದ ಬಾಗಿಲು ನೋಡುವವಳು, "ಅಮ್ಮಾವ್ರೇ! ಅಮ್ಮಾವ್ರೇ, ನಿಲ್ಲಿ!" ಎಂದು ಕೂಗುತ್ತಾ ಕಾಲೆಳೆದುಕೊಂಡು ಬರುತ್ತಿದ್ದಳು. ಬೀದಿಯಲ್ಲಿ ಹಾಗೆ ಕೂಗುವುದು ಅಸಭ್ಯ ಎಂದುಕೊಂಡೆ. ಬರೆದೆ. ಸಾಲು ಬಾಗಲಿಲ್ಲ, ಶಾಯಿ ಚೆಲ್ಲಲಿಲ್ಲ.

ಈಗ ಆ ಪದಗಳಿಂದ ಯಾರಿಗೂ ಏನೂ ಸಿಗುವುದಿಲ್ಲ, ಹೇಳಬಹುದು. ಹುಣಸೆ, ಕಿಟಕಿ, ಏಣಿ, ಉಪ್ಪು. ನವಿಲು, ಗಂಟೆ, ಜೇನು, ಹೊಸ್ತಿಲು. ಸೂಜಿ, ಮೋಡ, ತೊಟ್ಟಿಲು, ಬೂದಿ. ನನ್ನ ತಾಯಿ ನನ್ನ ಕಿವಿಯಲ್ಲಿ ಹೇಳಿದ ಮೊದಲ ಮಾತುಗಳು ಇವು.

"ಎಂಥ ಅಕ್ಷರ ಮೇಡಂ! ಈಗಿನವರಿಗೆ ಎಲ್ಲಿ ಬರಬೇಕು?" ಎಂದು ಅವನು ಕಾಗದ ಮಡಿಚಿದ. ಬಾಗಿಲ ಕಡೆ ಹೋದವನು ಬಾಗಿಲ ಪಕ್ಕದ ಓಣಿಗೆ ತಿರುಗಿದ. ನಾನು ಕಾದೆ. ಕೊರಳಲ್ಲಿ ಏನೋ ಹಗುರವಾಯಿತು. ಬಿಚ್ಚದ ಮೊಗ್ಗಿನಷ್ಟು ಹಗುರವಾಯಿತು.

ಬಾಗಿಲು ನೋಡುವವಳು ಏದುಸಿರು ಬಿಡುತ್ತಾ ನನ್ನ ಹತ್ತಿರ ಬಂದು ನಿಂತಳು. ಭರಣಿಯನ್ನು ಮುಟ್ಟಲಿಲ್ಲ. ಊರ ಗೋಡೆಯ ಕಡೆ ಕೈ ತೋರಿಸಿದಳು. ಅಲ್ಲಿ ಹೊಸ ಸಾಲು ಮೂಡಿತ್ತು, ಇನ್ನೂ ಒದ್ದೆಯಿದ್ದಂತೆ ಹೊಳೆಯುತ್ತಿತ್ತು: ಹಳೆ ಬೀದಿಯ ಬೆಳ್ಳಿ ಭರಣಿಯಿಂದ ಹೆಸರಿಲ್ಲದ ಭರಣಿಗೆ, ಮಗಳ ಮಾತು ಒಂದು, ಒಪ್ಪಿಗೆಯಿಂದ.

"ತರಿಸು," ಎಂದೆ.

"ಯಾರಿಂದ ತರಿಸಲಿ ಅಮ್ಮಾವ್ರೇ?"

"ಮನೆಯ ಹಿರಿಯರಿಗೆ ಹೇಳು."

"ಮನೆಗೆ ಹಿರಿಯರಿಲ್ಲವಲ್ಲ."

"ಊರಿಗೆ ಹೇಳು."

"ಊರಿಗೂ ಯಾರೂ ಇಲ್ಲ. ಎಲ್ಲಿ ಹೋಯ್ತು ಅಂತ ಗೋಡೆ ತೋರಿಸುತ್ತೆ. ಹಿಡ್ಕೊಂಡು ಬರಲ್ಲ. ನಾಳೆ ಆ ಭರಣಿಯಿಂದ ಇನ್ನೊಂದಕ್ಕೆ ಹೋಗುತ್ತೆ, ಅದನ್ನೂ ತೋರಿಸುತ್ತೆ. ನೋಡ್ತಾ ಇರಬಹುದು, ಅಷ್ಟೇ."

ಆಗ ಅವಳ ಕಿವಿಯಲ್ಲಿ ಹೇಳಿದೆ, ಮಗಳು ಉಸಿರು ಕೊಟ್ಟದ್ದು ಕೆಳಬೀದಿಯಲ್ಲಿ ಎಂದು. ಅವಳು ನನ್ನ ಕೊರಳಲ್ಲಿದ್ದ ಭರಣಿಯ ಉಂಗುರವನ್ನು ತೋರುಬೆರಳಿನಿಂದ ತಿರುಗಿಸಿದಳು. ಅರ್ಧ ಸುತ್ತು.

"ಇಷ್ಟೇ ಇತ್ತು," ಎಂದಳು.

ಹದಿನೆಂಟು ಮೆಟ್ಟಿಲು ಇಳಿದೆ. ಬೆಳಿಗ್ಗೆ ಹತ್ತು ಗಂಟೆ, ಬೀದಿ ತುಂಬ ಜನ. ತಲೆಯ ಮೇಲೆ ಸೆರಗು ಹೊದೆಯಲಿಲ್ಲ. ಅಳಿಯ ಮನೆಯ ಮುಂದೆ ಕೂತು ಕೊಡೆಯೊಂದರ ಕಡ್ಡಿ ಕಟ್ಟುತ್ತಿದ್ದ. ನನ್ನನ್ನು ಕಂಡು ಎದ್ದ. ಕೊಡೆ ಕೆಳಗೆ ಬಿತ್ತು.

"ಬಂದ್ರಾ ಅತ್ತೆ? ದಿನಾ ಬೆಳಿಗ್ಗೆ ಕಾಯ್ತಿದ್ದೆ. ನಾನೂ ಕೇಳಿಸ್ಕೊಳ್ಳಬಹುದಾ? ದೂರ ನಿಂತ್ಕೊಳ್ತೀನಿ."

ಆಗಲೇ ಹೇಳಬೇಕಿತ್ತು. ಹೇಳಲಾಗಲಿಲ್ಲ. ಜೊತೆಯಾಗಿ ಕೆಳಬೀದಿಯ ಬಾಗಿಲಿಗೆ ಹೋದೆವು. ಒಂದೇ ಮರ, ಒಂದೇ ಕೆತ್ತನೆ, ಎಡಮೂಲೆಯಲ್ಲಿ ಒಂದೇ ಸೀಳು. ಭರಣಿ ಒಡ್ಡಿದೆ. ಒಪ್ಪಿಗೆಯೇ, ಎಂದು ಬಾಗಿಲು ಕೇಳಿತು. ಹೆಬ್ಬೆರಳು ಒತ್ತಿದೆ. ಬಾಗಿಲು ತೆರೆಯಿತು. ಎಷ್ಟು ಸಲೀಸಾಗಿ ತೆರೆಯಿತೆಂದರೆ, ಅದರ ತಿರುಗಣಿ ಸದ್ದೂ ಮಾಡಲಿಲ್ಲ.

ಒಳಗೆ ಏನೂ ಇರಲಿಲ್ಲ. ನಾಲ್ಕು ಗೋಡೆ, ಒಂದು ನೆಲ, ಕೇಳಿಸಬೇಕಾದ ಜಾಗದಲ್ಲಿ ಮೌನ. ಅಳಿಯ ಕಣ್ಣು ಮುಚ್ಚಿ, ಕುತ್ತಿಗೆ ವಾಲಿಸಿ, ಬಾಗಿಲ ಬಳಿ ನಿಂತಿದ್ದ.

"ಬಂತಾ ಅತ್ತೆ?"

ಆಗ ಹೇಳಿದೆ. ಎಲ್ಲವನ್ನೂ ಹೇಳಿದೆ, ಬಿಳಿ ಕೋಟಿನವನಿಂದ ಹಿಡಿದು ಉಂಗುರದವರೆಗೆ. ನಮ್ಮ ಮನೆಯಲ್ಲಿ ಎಂದು ನಾನು ಹೇಳಿದ ಸುಳ್ಳನ್ನೂ ಹೇಳಿದೆ. ಅವನು ಕೂಗಾಡಬಹುದು ಎಂದು ಬೆನ್ನು ನೇರ ಮಾಡಿಕೊಂಡು ನಿಂತೆ. ಅವನು ಕೂಗಾಡಲಿಲ್ಲ. ನೆಲದ ಮೇಲೆ ಕೂತ.

"ಆವತ್ತು ನಾನು ಆ ಕಡೆ ಇದ್ದೆ, ನನಗೆ ಅವಳ ತಲೆಗೂದಲು ಮಾತ್ರ ಕಾಣ್ತಿತ್ತು," ಎಂದ. "ನೀವು ಅವಳ ತುಟಿ ನೋಡಿದ್ದೀರಿ. ಹೇಗೆ ಅಲುಗಿತು ಅಂತ ಒಂದ್ಸಲ ತೋರಿಸ್ತೀರಾ?"

ನಾನು ಅವನ ಎದುರು ಮಂಡಿಯೂರಿದೆ. ನನ್ನ ತುಟಿಗಳನ್ನು ಅವಳ ತುಟಿಗಳಂತೆ ಐದು ಸಲ ಅಲುಗಿಸಿದೆ, ಸದ್ದಿಲ್ಲದೆ. ಅವನು ನೋಡಿದ. ಇನ್ನೊಂದು ಸಲ ಎಂದ. ಮತ್ತೆ ಮಾಡಿದೆ. ಅವನೂ ಹಾಗೆಯೇ ತುಟಿ ಅಲುಗಿಸಿ ನೋಡಿದ. ಆ ಮನೆಯಲ್ಲಿ ನಾವಿಬ್ಬರು ಎದುರುಬದುರು ಕೂತು, ಮೀನುಗಳ ಹಾಗೆ, ಬಾಯಿ ತೆರೆದು ಮುಚ್ಚಿ ತೆರೆದು ಮುಚ್ಚಿ, ಅವಳು ಏನೆಂದಳು ಎಂದು ಹುಡುಕಿದೆವು.

"ಆವತ್ತು ಮೋಡ ಕಟ್ಟಿತ್ತು," ಎಂದ ಕೊನೆಗೆ. "ಕೊಡೆ ತಗೋಮ್ಮಾ ಅಂದಳೇನೋ. ನೀವು ನೆನೀಬಾರದು ಅಂತ."

ಇರಬಹುದು. ಇಲ್ಲದಿರಬಹುದು. ಅದು ನಮಗೆ ಇನ್ನು ತಿಳಿಯುವುದಿಲ್ಲ. ಎಲ್ಲೋ ಯಾರೋ ಒಬ್ಬ, ನನ್ನ ಮಗಳ ಮುಖ ಕಾಣದವನು, ಅದನ್ನು ಕೇಳಿದ್ದಾನೆ. ಕೇಳಿ ಬೇರೆಯವನಿಗೆ ದಾಟಿಸಿದ್ದಾನೆ. ಗೋಡೆಯ ಮೇಲೆ ಸಾಲುಗಳು ಬೆಳೆಯುತ್ತಿವೆ. ಹೆಸರಿಲ್ಲದ ಭರಣಿಯಿಂದ ಹೆಸರಿಲ್ಲದ ಭರಣಿಗೆ, ಮಗಳ ಮಾತು ಒಂದು. ನಾನು ದಿನವೂ ಹೋಗಿ ಓದುತ್ತೇನೆ.

ಬಾಗಿಲು ನೋಡುವವಳ ಮುಂದೆ, ಅದೇ ಸಾಲಿನಲ್ಲಿ, ಅದೇ ಹಳೆ ಬೀದಿಯವರು ನೋಡುತ್ತಿರುವಾಗ ನಿಂತು, ನಾನು ಸುಳ್ಳು ಹೇಳಿದೆ, ನಿಮ್ಮನ್ನು ನೀನು ಎಂದೆ, ಎರಡೂ ನನ್ನ ತಪ್ಪು ಎಂದು ಹೇಳಿದ್ದೇನೆ. ಅಳಿಯನ ಮನೆಗೆ ಪ್ರತಿ ಮಧ್ಯಾಹ್ನ ಹೋಗುತ್ತೇನೆ. ಕಡ್ಡಿಗೆ ದಾರ ಕಟ್ಟಿಕೊಡುತ್ತೇನೆ. ಮಗಳಿಗೆ ಹೇಳಬೇಕಾದ್ದನ್ನು ಹೇಳಲು ಯಾವ ಬಾಗಿಲೂ ಇಲ್ಲ. ಈ ಊರಿನಲ್ಲಿ ಸತ್ತವರ ಮಾತು ಕೇಳಿಸುವ ಮನೆಯಿದೆ, ಸತ್ತವರಿಗೆ ಕೇಳಿಸುವ ಮನೆಯಿಲ್ಲ. ನನ್ನ ಪಾಲಿನದನ್ನು ನಾನು ಮಾಡಿದ್ದೇನೆ.

ಆದರೆ ಗೋಡೆಯ ಮೇಲೆ ಒಪ್ಪಿಗೆಯಿಂದ ಎಂದು ಇನ್ನೂ ಇದೆ. ಹಾದುಹೋಗುವವರು ಅದನ್ನು ಓದಿ, ಪಾಪ, ಹೇಳಬಾರದಿತ್ತು ಎನ್ನುತ್ತಾರೆ. ಮನೆಗೆ ಯಜಮಾನರಿಲ್ಲ, ಆದ್ದರಿಂದ ತಪ್ಪು ಬೇರೆ ಯಾರದ್ದೂ ಅಲ್ಲ, ಪದ ಕೊಟ್ಟವಳದ್ದೇ ಎನ್ನುತ್ತಾರೆ. ನಾನು ಪದಗಳನ್ನು ಕೊಟ್ಟೆ. ಮಗಳನ್ನು ಕೊಡಲಿಲ್ಲ. ಬಾಗಿಲು ತೆರೆಯಲು ನಾನು ಒಪ್ಪಿದೆ, ಬರಿದಾಗಲು ಒಪ್ಪಲಿಲ್ಲ. ಯಜಮಾನರಿಲ್ಲದ ಮನೆಯನ್ನೂ ಯಾರೋ ಕಟ್ಟಿದ್ದಾರೆ. ಕದ್ದವನಿಗೂ ತಾಯಿಗೂ ವ್ಯತ್ಯಾಸ ಕಾಣದ ಗೋಡೆಯನ್ನು ಯಾರೋ ನಿಲ್ಲಿಸಿದ್ದಾರೆ. ಅವರಿಗೆ ಕೈಗಳಿದ್ದವು, ಹೆಸರುಗಳಿದ್ದವು. ಅವರು ಈ ಊರಿನಲ್ಲೇ, ನಮ್ಮ ನಡುವೆಯೇ ಇದ್ದಾರೆ.

ಅವರು ನನ್ನ ಮುಂದೆ, ನನ್ನ ಅಳಿಯನ ಮುಂದೆ ಬಂದು ನಿಲ್ಲಬೇಕು. ಕ್ಷಮೆ ಕೇಳಬೇಕು.